ಯಾರೂ ಇಲ್ಲದ ದ್ವೀಪ ಯಾರಿಗೆ ಬೇಕು?



ಹೋದ ತಿಂಗಳು ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ನಮ್ಮ ಯುವಜನರ ಕೂಟವಿತ್ತು. ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರ ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬದವರೆಗೆ ಧರ್ಮಸಭೆ ಸೃಷ್ಟಿಯ ಕಾಲವನ್ನು ಆಚರಿಸುತ್ತದೆ. ಅದರ ನೆಪದಲ್ಲಿ ಮಕ್ಕಳಿಗೆ ಏನಾದರೂ ಹೊಸದು ತೋರಿಸೋಣವೆಂದು ಪ್ರೊಜೆಕ್ಟರ್ ಕೇಳಿ ತಂದು, ಹವಳದ ದ್ವೀಪಗಳ ಚಿತ್ರಗಳನ್ನು ಗೋಡೆಯ ಮೇಲೆ ಹಾಕಿದ್ದೆ. ಗೋರಂಟ್ಲದ ಮಕ್ಕಳಿಗೆ ಸಮುದ್ರವೆಂದರೆ ಸಿನಿಮಾದಲ್ಲಿ ಕಂಡದ್ದು. ಚಿತ್ರಾವತಿಯಲ್ಲಿ ನೀರು ಹರಿದ ವರ್ಷವೇ ನಮಗೆ ದೊಡ್ಡ ಹಬ್ಬ. ಹಾಗಾಗಿ ನೀಲಿ ನೀರು, ಬಿಳಿ ಮರಳು ಕಂಡು ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಲಕ್ಷದ್ವೀಪದ ಪಿಟ್ಟಿ ಎಂಬ ದ್ವೀಪದ ಚಿತ್ರ ಬಂದಾಗ ನಾನು, "ಇಲ್ಲಿ ಯಾರೂ ಇಲ್ಲ. ಒಂದು ಮರವೂ ಇಲ್ಲ, ಹಕ್ಕಿಗಳು ಮಾತ್ರ. ಇಂಥ ದ್ವೀಪಗಳು ಈಗ ಕರಗಿಹೋಗುತ್ತಿವೆ" ಎಂದೆ.

ಮೊಮ್ಮಗಳನ್ನು ಮನೆಗೆ ಕರೆದೊಯ್ಯಲು ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದ ತಾತ ಒಬ್ಬರು ಕೈಯೆತ್ತಿದರು. "ಅಲ್ಲಮ್ಮಾ, ಯಾರೂ ಇಲ್ಲ ಅಂತ ನೀನೇ ಹೇಳ್ತೀಯ. ಯಾರೂ ಇಲ್ಲದ ಮೇಲೆ ಅದು ಇದ್ದರೆಷ್ಟು, ಮುಳುಗಿದರೆಷ್ಟು? ಇಲ್ಲಿ ನಾವಿದ್ದೀವಿ. ಕಡ್ಲೆಕಾಯಿ ಹೂ ಬಿಟ್ಟು ನಿಂತೈತೆ, ಇಪ್ಪತ್ತು ದಿನದಿಂದ ಹನಿ ಇಲ್ಲ. ಆ ಸಮುದ್ರದ ಮೇಲೆ ಸುರಿಯೋ ಮಳೆ ಒಂದು ಗಳಿಗೆ ಇಲ್ಲಿ ಸುರಿದಿದ್ದರೆ ದೇವರ ಗಂಟು ಏನು ಹೋಗ್ತಿತ್ತು?"

ಮಕ್ಕಳು ನಕ್ಕರು, ನಾನೂ ನಕ್ಕೆ. ಆದರೆ ಉತ್ತರ ಹೊಳೆಯಲಿಲ್ಲ. ಬಿಎಸ್‌ಸಿಯಲ್ಲಿ ಪ್ರಾಣಿಶಾಸ್ತ್ರ ಓದಿದವಳು ನಾನು. ಹವಳ ಏನು, ಅದು ಹೇಗೆ ಬೆಳೆಯುತ್ತದೆ ಎಂದು ಕೇಳಿದ್ದರೆ ಅರ್ಧ ಗಂಟೆ ಹೇಳುತ್ತಿದ್ದೆ. ಅದು ಏಕೆ ಇರಬೇಕು ಎಂದು ಪರೀಕ್ಷೆಯಲ್ಲಿ ಯಾರೂ ಕೇಳಿರಲಿಲ್ಲ. ಆ ದಿನದಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಗೊತ್ತಿರುವುದನ್ನು ಮೊದಲು ಬರೆದು, ಆಮೇಲೆ ತಾತನ ಪ್ರಶ್ನೆಗೆ ಬರುತ್ತೇನೆ.

ಮಳೆಯ ವಿಷಯದಲ್ಲಿ ತಾತನ ದೂರು ಭೂಗೋಳದ ಲೆಕ್ಕಕ್ಕೆ ಸರಿಯಾಗಿಯೇ ಇದೆ. ಮುಂಗಾರಿನ ಮೋಡ ಅರಬ್ಬಿ ಸಮುದ್ರದ ಮೇಲಿಂದ ಬರುತ್ತದೆ. ದಾರಿಯಲ್ಲಿ ಸಿಗುವ ಲಕ್ಷದ್ವೀಪದ ಮೇಲೆ ವರ್ಷಕ್ಕೆ ಸುಮಾರು 1,500 ಮಿಲಿಮೀಟರ್ ಸುರಿಯುತ್ತದೆ. ಮುಂದೆ ಕರ್ನಾಟಕದ ಕರಾವಳಿಗೆ ಬಂದು, ಪಶ್ಚಿಮ ಘಟ್ಟ ಅಡ್ಡ ನಿಂತಾಗ ಮೇಲೇರಿ ತಣ್ಣಗಾಗಿ, ಅಲ್ಲಿ 3,000 ಮಿಲಿಮೀಟರಿಗೂ ಮಿಕ್ಕಿ ಸುರಿದುಬಿಡುತ್ತದೆ. ಘಟ್ಟ ದಾಟಿ ನಮ್ಮ ಕಡೆ ಬರುವಾಗ ಅದರ ಕೈ ಬರಿದು. ಹಳೆಯ ಅನಂತಪುರ ಜಿಲ್ಲೆಗೆ ಸಿಗುವುದು ವರ್ಷಕ್ಕೆ ಸುಮಾರು 550 ಮಿಲಿಮೀಟರ್, ಅದೂ ಬಂದರೆ. ಅಂದರೆ ಪಿಟ್ಟಿಯ ಹಕ್ಕಿಗಳನ್ನು ತೋಯಿಸಿ ಬಂದ ಮೋಡವೇ ಗೋರಂಟ್ಲದ ಮೇಲೆ ಬಿಳಿಯಾಗಿ ತೇಲಿಹೋಗುವುದು. ಆ ದ್ವೀಪಕ್ಕೂ ನಮಗೂ ಇರುವ ಮೊದಲ ನಂಟು ಇದು.

ಇನ್ನೊಂದು ನಂಟು ಚರಿತ್ರೆಯದು. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರ ಎಂಬ ಉತ್ತರದ ದ್ವೀಪಗಳಿಗೆ ಅಮೀನ್‌ದೀವಿ ಎಂದು ಹೆಸರು. 1787ರಲ್ಲಿ ಅವು ಟಿಪ್ಪು ಸುಲ್ತಾನನ ಕೈಸೇರಿದವು. 1799ರಲ್ಲಿ ಅವನು ಮಡಿದ ಮೇಲೆ ಬ್ರಿಟಿಷರಿಗೆ ಹೋಗಿ, ಮಂಗಳೂರಿನಿಂದ ಆಡಳಿತ ನಡೆಯುತ್ತಿದ್ದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿಯೇ ಉಳಿದವು. 1956ರ ನವೆಂಬರ್ 1ರಂದು, ಕನ್ನಡ ನಾಡು ಒಂದಾದ ದಿನವೇ, ಅವು ನಮ್ಮಿಂದ ಬೇರೆಯಾಗಿ ಕೇಂದ್ರಾಡಳಿತಕ್ಕೆ ಸೇರಿದವು. ಗಡಿಯಾಚೆ ಉಳಿದ ನಮ್ಮಂಥವರಿಗೆ ಆ ದಿನದ ಎರಡು ಮುಖಗಳೂ ಚೆನ್ನಾಗಿ ಗೊತ್ತು.

ಹವಳದ ದ್ವೀಪ ಹುಟ್ಟುವ ಬಗೆಯನ್ನು ಕಡಲೆಕಾಯಿ ಬೆಳೆಯುವವರಿಗೆ ವಿವರಿಸುವುದು ಸುಲಭ. ಕಡಲೆಕಾಯಿ ಗಿಡ ಕಿತ್ತರೆ ಬೇರಿನಲ್ಲಿ ಸಣ್ಣ ಸಣ್ಣ ಗಂಟುಗಳು ಕಾಣುತ್ತವಲ್ಲ, ಅವುಗಳೊಳಗೆ ಬ್ಯಾಕ್ಟೀರಿಯಾ ಇರುತ್ತವೆ. ಗಿಡ ಅವುಗಳಿಗೆ ಸಕ್ಕರೆ ಕೊಡುತ್ತದೆ, ಅವು ಗಿಡಕ್ಕೆ ಗಾಳಿಯಿಂದ ಸಾರಜನಕ ಹಿಡಿದು ಕೊಡುತ್ತವೆ. ಹವಳದಲ್ಲಿಯೂ ಇಂಥದೇ ಒಡಂಬಡಿಕೆ. ಹವಳ ಕಲ್ಲಲ್ಲ, ಗಿಡವಲ್ಲ, ಪ್ರಾಣಿ. ಬೆರಳ ತುದಿಯಷ್ಟೂ ಇಲ್ಲದ ಮೆತ್ತನೆಯ ಜೀವಿಗಳು ಸಾವಿರಾರು ಒಟ್ಟಿಗೆ ಅಂಟಿಕೊಂಡು ಬಾಳುತ್ತವೆ. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ವಾಸವಾಗಿರುತ್ತದೆ. ಪಾಚಿ ಬಿಸಿಲು ಹೀರಿ ಆಹಾರ ತಯಾರಿಸಿ ಹವಳಕ್ಕೆ ಕೊಡುತ್ತದೆ, ಹವಳ ಪಾಚಿಗೆ ಮನೆ ಕೊಡುತ್ತದೆ. ಹವಳ ತನ್ನ ಕೆಳಗೆ ಸುಣ್ಣವನ್ನು ಕಟ್ಟುತ್ತಾ ಹೋಗುತ್ತದೆ, ಗುಂಡುಗಲ್ಲಿನಂಥ ಹವಳವಾದರೆ ವರ್ಷಕ್ಕೆ ಒಂದು ಸೆಂಟಿಮೀಟರಿನ ಆಸುಪಾಸು. ಸತ್ತವುಗಳ ಸುಣ್ಣದ ಮೇಲೆ ಬದುಕಿರುವವು ಕೂರುತ್ತವೆ. ಹೀಗೆ ಸಾವಿರಾರು ವರ್ಷ ನಡೆದರೆ ಅದು ದಿಬ್ಬ.

ಉಂಗುರದಂತೆ ದುಂಡಗಿರುವ ಹವಳ ದ್ವೀಪಗಳು ಹೇಗಾದವು ಎಂದು 1842ರಲ್ಲಿ ಒಂದು ಪುಸ್ತಕವನ್ನೇ ಬರೆದವರು ಚಾರ್ಲ್ಸ್ ಡಾರ್ವಿನ್. ಸಮುದ್ರದೊಳಗಿನ ಜ್ವಾಲಾಮುಖಿ ಬೆಟ್ಟದ ಸುತ್ತ ಹವಳ ಬೆಳೆಯುತ್ತದೆ. ಬೆಟ್ಟ ನಿಧಾನವಾಗಿ ಕುಸಿಯುತ್ತದೆ, ಹವಳ ಬೆಳಕು ಬಿಡಲಾರದೆ ಮೇಲೆ ಮೇಲೆ ಕಟ್ಟುತ್ತದೆ. ಕೊನೆಗೆ ಬೆಟ್ಟ ಮಾಯ, ಉಂಗುರ ಮಾತ್ರ ಉಳಿಯುತ್ತದೆ. ಲಕ್ಷದ್ವೀಪದ ಕೆಳಗಿರುವ ಆ ಮುಳುಗಿದ ಬೆಟ್ಟಸಾಲು ಮಾಲ್ಡೀವ್ಸ್ ದಾಟಿ ದಕ್ಷಿಣದ ಚಾಗೋಸ್ ದ್ವೀಪಗಳವರೆಗೆ ಹೋಗುತ್ತದೆ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಬೀದರ, ಕಲಬುರಗಿ, ವಿಜಯಪುರಗಳ ಕಪ್ಪುಕಲ್ಲನ್ನು ಲಾವಾರಸವಾಗಿ ಉಗುಳಿದ ಭೂಗರ್ಭದ ಒಲೆಯೇ ಮುಂದೆ ಆ ಸಾಲನ್ನೂ ಕಟ್ಟಿತು ಎಂದು ಓದಿದಾಗ ನಾನು ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಮರಳಿನ ಕಥೆ ಮಕ್ಕಳಿಗೆ ಬಹಳ ಹಿಡಿಸಿತು. ಗಿಣಿಮೀನು ಎಂಬ ಬಣ್ಣದ ಮೀನು ಗಿಣಿಯ ಕೊಕ್ಕಿನಂಥ ಹಲ್ಲಿನಿಂದ ಹವಳವನ್ನು ಕೆರೆದು ತಿನ್ನುತ್ತದೆ. ಸುಣ್ಣ ಜೀರ್ಣವಾಗುವುದಿಲ್ಲ, ಪುಡಿಯಾಗಿ ಹೊರಗೆ ಬರುತ್ತದೆ. ಹವಳ ದ್ವೀಪಗಳ ಬೆಳ್ಳಗಿನ ಮರಳಿನಲ್ಲಿ ಒಂದು ಪಾಲು ಹೀಗೆ ಮೀನಿನ ಹೊಟ್ಟೆಯಿಂದ ಬಂದದ್ದು. ಇದನ್ನು ಹೇಳಿದ ಮೇಲೆ ಐದು ನಿಮಿಷ ನನಗೆ ಕೂಟವನ್ನು ಹತೋಟಿಗೆ ತರಲಾಗಲಿಲ್ಲ.

ಲಕ್ಷದ್ವೀಪದ ಎಲ್ಲ ದ್ವೀಪಗಳ ನೆಲ ಸೇರಿದರೂ 32 ಚದರ ಕಿಲೋಮೀಟರು. ಜನ ವಾಸವಿರುವುದು ಹತ್ತು ದ್ವೀಪಗಳಲ್ಲಿ. ಉಳಿದವು ಖಾಲಿ. ಪಿಟ್ಟಿ ಹೆಚ್ಚು ಕಡಿಮೆ ಮೂರು ಎಕರೆ. ಕುಡಿಯುವ ನೀರಿಲ್ಲ, ನೆರಳಿಲ್ಲ. ಅಲ್ಲಿ ಮೊಟ್ಟೆಯಿಡುವವು ಕಡಲ ಹಕ್ಕಿಗಳು. ಮುಖ್ಯವಾಗಿ ಸೂಟಿ ಟರ್ನ್ ಎಂಬ ಕಪ್ಪು ಬೆನ್ನಿನ ಹಕ್ಕಿ, ಮತ್ತೆ ನಾಡಿ ಎಂಬ ಕಂದು ಹಕ್ಕಿ. ಭದ್ರಾ ಜಲಾಶಯದ ನಡುಗಡ್ಡೆಗಳಲ್ಲಿ ಗೂಡು ಮಾಡುವ ರೀವ ಹಕ್ಕಿಯ ಬಳಗವೇ ಇವು. ಸೂಟಿ ಟರ್ನಿನ ಬದುಕು ವಿಚಿತ್ರ. ಅದರ ಗರಿಗೆ ನೀರು ತಡೆಯುವ ಎಣ್ಣೆ ಸಾಲದು, ಬಾತುಕೋಳಿಯಂತೆ ಅಲೆಯ ಮೇಲೆ ಕೂತು ವಿಶ್ರಮಿಸಲು ಆಗುವುದಿಲ್ಲ. ಮರಿ ರೆಕ್ಕೆ ಬಲಿತು ಹಾರಿತೆಂದರೆ ವರ್ಷಗಟ್ಟಲೆ ಆಕಾಶದಲ್ಲೇ ಇರುತ್ತದೆ, ತಾನೂ ಮೊಟ್ಟೆಯಿಡುವ ವಯಸ್ಸಾಗುವವರೆಗೆ ನೆಲ ಮುಟ್ಟುವುದಿಲ್ಲ. ಮೊಟ್ಟೆಯೂ ಸಾಮಾನ್ಯವಾಗಿ ಒಂದೇ. ಆ ಒಂದು ಮೊಟ್ಟೆ ಇಡಲು ಅದಕ್ಕೆ ಬೇಕಾದದ್ದು ಬೆಕ್ಕು, ಇಲಿ, ನಾಯಿ, ಮನುಷ್ಯ ಇಲ್ಲದ ಒಂದಷ್ಟು ಒಣ ಮರಳು.

ಬಿತ್ರ ದ್ವೀಪ ಒಂದು ಕಾಲಕ್ಕೆ ಹೀಗೆಯೇ ಖಾಲಿಯಿದ್ದು ಕಡಲ ಹಕ್ಕಿಗಳ ಹೆರಿಗೆಮನೆಯಾಗಿತ್ತು. ಚೆಟ್ಲತ್, ಕಿಲ್ತಾನಿನ ಜನ ಹಕ್ಕಿ ಹಿಡಿಯಲು ಅಲ್ಲಿಗೆ ಹೋಗುತ್ತಿದ್ದರು. ಕಳೆದ ಶತಮಾನದ ನಡುವಿನ ಹೊತ್ತಿಗೆ ಜನ ಅಲ್ಲಿಯೇ ನೆಲೆಸಿದರು. ಇದನ್ನು ಆ ಜನರ ಮೇಲಿನ ದೂರಾಗಿ ಬರೆಯುತ್ತಿಲ್ಲ. ಹೊಟ್ಟೆಗೆ ಬೇಕಾದಾಗ ನಾವೂ ಅದನ್ನೇ ಮಾಡುತ್ತಿದ್ದೆವು. ಆದರೆ ಖಾಲಿ ದ್ವೀಪಗಳು ಒಂದೊಂದಾಗಿ ಕಡಿಮೆಯಾದಂತೆ ಪಿಟ್ಟಿಯ ಮೂರು ಎಕರೆಯ ಬೆಲೆ ಆ ಹಕ್ಕಿಗೆ ಎಷ್ಟಾಯಿತು ಎಂದು ಲೆಕ್ಕ ಹಾಕಬಹುದು.

ಕರ್ನಾಟಕಕ್ಕೂ ಇಂಥದೊಂದು ದ್ವೀಪವಿದೆ, ನೇತ್ರಾಣಿ. ಎರಡು ವರ್ಷದ ಹಿಂದೆ ಯುವಜನರ ಪ್ರವಾಸದಲ್ಲಿ ಮುರುಡೇಶ್ವರದ ತೀರದಲ್ಲಿ ನಿಂತು ಅದನ್ನು ಹುಡುಕಿದ್ದೆವು. ಸುಮಾರು 19 ಕಿಲೋಮೀಟರ್ ದೂರ. ಮಂಜಿನಲ್ಲಿ ಒಂದು ಮಸುಕು ಗೆರೆ ಕಂಡಂತಾಯಿತು, ಅದೇ ಎಂದು ಮೀನುಗಾರರೊಬ್ಬರು ಹೇಳಿದರು. ಪಿಟ್ಟಿಯಂತೆ ಅದು ಬರೀ ಮರಳಲ್ಲ, ಕಾಡು ಬೆಳೆದ ಕಲ್ಲಿನ ಗುಡ್ಡ. ಹವಳವಿರುವುದು ಅದರ ಸುತ್ತ ನೀರಿನೊಳಗೆ. ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅಲ್ಲಿ ಎಂಬತ್ತಕ್ಕೂ ಹೆಚ್ಚು ಜಾತಿಯ ಮೀನುಗಳನ್ನು ಗುರುತಿಸಿ 2008ರಲ್ಲಿ ಪ್ರಬಂಧ ಪ್ರಕಟಿಸಿದ್ದಾರೆ. ಬಿಳಿ ಹೊಟ್ಟೆಯ ದೊಡ್ಡ ಕಡಲ ಹದ್ದುಗಳು ಅಲ್ಲಿನ ಮರಗಳಲ್ಲಿ ಗೂಡು ಕಟ್ಟುತ್ತವೆ. ಮೀನುಗಾರರು ಹರಕೆ ಒಪ್ಪಿಸಲು ಹೋಗುವುದುಂಟು, ಆಡುಗಳೂ ಇವೆ. ಮನೆ ಮಾತ್ರ ಇಲ್ಲ. ಮನೆ ಇಲ್ಲದ ಕಾರಣಕ್ಕೇ ಇರಬೇಕು, ನಮ್ಮ ನೌಕಾಪಡೆ ಹಲವು ವರ್ಷ ಆ ದ್ವೀಪವನ್ನು ಗುಂಡು ಹಾರಿಸುವ ಅಭ್ಯಾಸಕ್ಕೆ ಗುರಿಯಾಗಿ ಬಳಸಿತು. ಯಾರೂ ಇಲ್ಲ, ಆದ್ದರಿಂದ ಹೊಡೆಯಬಹುದು. ತಾತನ ಪ್ರಶ್ನೆಯ ತರ್ಕವನ್ನು ಕೊನೆಯವರೆಗೆ ಎಳೆದರೆ ಇಲ್ಲಿಗೆ ಬಂದು ನಿಲ್ಲುತ್ತದೆ. ದೇಶ ಕಾಯುವವರಿಗೆ ಅಭ್ಯಾಸ ಬೇಕು, ಒಪ್ಪುತ್ತೇನೆ. ಆದರೆ ಹದ್ದಿನ ಗೂಡಿನ ಕಡೆಯಿಂದ ನೋಡಿದರೆ "ಯಾರೂ ಇಲ್ಲ" ಎಂಬ ಮಾತು ನಿಜವೇ?

ಈ ಮಾತು ಹುಟ್ಟುವುದು ನಮ್ಮ ಭಾಷೆಯಲ್ಲಿಯೇ. ಕನ್ನಡದಲ್ಲಿ "ಯಾರು" ಎಂದರೆ ಮನುಷ್ಯರು, ಹೆಚ್ಚೆಂದರೆ ದೇವರು. ಹಕ್ಕಿಯನ್ನು "ಏನು" ಎಂದು ಕೇಳುತ್ತೇವೆ, ನಪುಂಸಕಲಿಂಗದಲ್ಲಿ ಕಲ್ಲಿನ ಪಕ್ಕದಲ್ಲಿ ಕೂರಿಸುತ್ತೇವೆ. ಮನೆಯಲ್ಲಿ ಸಾಕಿದ ಹಸುವಿಗೆ ಮಾತ್ರ ಹೆಸರಿಟ್ಟು "ಬಂದಳು, ಹೋದಳು" ಎನ್ನುತ್ತೇವೆ. ಹತ್ತಿರವಿದ್ದರೆ ಯಾರೋ, ದೂರವಿದ್ದರೆ ಏನೋ.

ಈಗ ಪರಲಿಯ ಸಂಗತಿ. ಲಕ್ಷದ್ವೀಪದ ಬಂಗಾರಂ ದ್ವೀಪದ ಹತ್ತಿರ ಪರಲಿ ಎಂದು ಸಣ್ಣ ಸಣ್ಣ ಖಾಲಿ ದ್ವೀಪಗಳಿದ್ದವು. ಅವುಗಳಲ್ಲಿ ಒಂದು 1968ರಲ್ಲಿ 0.032 ಚದರ ಕಿಲೋಮೀಟರ್ ಇತ್ತು, ಅಂದರೆ ಎಂಟು ಎಕರೆಯಷ್ಟು. ಅಲೆ ಕೊರೆಯುತ್ತಾ ಕೊರೆಯುತ್ತಾ ಅದು ಪೂರ್ತಿ ಇಲ್ಲವಾಗಿದೆ ಎಂದು ಸಂಶೋಧಕರೊಬ್ಬರು ತೋರಿಸಿದ್ದು 2017ರಲ್ಲಿ ಸುದ್ದಿಯಾಯಿತು. ಯಾರೂ ಊರು ಬಿಡಲಿಲ್ಲ, ಯಾರ ಮನೆಯೂ ಬೀಳಲಿಲ್ಲ, ಯಾರೂ ಪರಿಹಾರ ಕೇಳಲಿಲ್ಲ. ಸಮುದ್ರದ ನೀರು ವಾಡಿಕೆಗಿಂತ ಒಂದೆರಡು ಡಿಗ್ರಿ ಹೆಚ್ಚು ಬಿಸಿಯಾಗಿ ಕೆಲವು ವಾರ ಹಾಗೆಯೇ ಉಳಿದರೆ ಹವಳವು ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಬಿಸಿ ಬೇಗ ಇಳಿಯದಿದ್ದರೆ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹೀಗಾಯಿತು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ವಿಜ್ಞಾನಿಗಳು ಇದನ್ನು ನೀರಿನಲ್ಲಿ ಮುಳುಗಿ ಮುಳುಗಿ ದಾಖಲಿಸಿದ್ದಾರೆ. ಸತ್ತ ಹವಳ ಅಲೆಯನ್ನು ತಡೆಯಲಾರದು.

ಪರಲಿ ಹೋದದ್ದರಿಂದ ನಷ್ಟವಾದದ್ದು ಯಾರಿಗೆ?

ಮೊದಲು ನನಗೆ ಹೊಳೆದದ್ದು ವಿಜ್ಞಾನದ ವಿದ್ಯಾರ್ಥಿನಿ ಕೊಡುವ ಉತ್ತರ: "ತಾತಾ, ಅದು ನಮಗೂ ಉಪಯೋಗವೇ." ಇದಕ್ಕೆ ಪುರಾವೆಯೂ ಇದೆ. ಚಾಗೋಸ್ ದ್ವೀಪಗಳಲ್ಲಿ ನಡೆದ ಒಂದು ಅಧ್ಯಯನ 2018ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಹಿಂದಿನ ಹಡಗುಗಳಲ್ಲಿ ಬಂದ ಇಲಿಗಳು ಸೇರಿಕೊಂಡ ದ್ವೀಪಗಳು ಕೆಲವು, ಇಲಿ ಇಲ್ಲದೆ ಹಕ್ಕಿಗಳು ತುಂಬಿರುವ ದ್ವೀಪಗಳು ಕೆಲವು. ಹಕ್ಕಿಗಳಿರುವ ಕಡೆ ಅವುಗಳ ಹಿಕ್ಕೆ ಮಳೆಗೆ ಕರಗಿ ಸಮುದ್ರಕ್ಕಿಳಿದು, ಸುತ್ತಲಿನ ಹವಳದಲ್ಲಿ ಮೀನಿನ ಒಟ್ಟು ತೂಕ 48 ಶೇಕಡ ಹೆಚ್ಚಿತ್ತು. ಕೊಟ್ಟಿಗೆ ಗೊಬ್ಬರ ಹಾಕಿದ ಹೊಲಕ್ಕೂ ಹಾಕದ ಹೊಲಕ್ಕೂ ಇರುವ ವ್ಯತ್ಯಾಸ ಎಂದುಕೊಳ್ಳಿ. ಹಕ್ಕಿ ಇದ್ದರೆ ಮೀನು, ಮೀನಿದ್ದರೆ ಬೆಸ್ತರಿಗೆ ಅನ್ನ.

ಉತ್ತರ ತಪ್ಪಲ್ಲ. ಆದರೆ ಇದನ್ನು ಹೇಳಿಕೊಂಡಾಗ ನನಗೇ ಸಮಾಧಾನವಾಗಲಿಲ್ಲ. ಉಪಯೋಗವೇ ಕಾರಣವಾದರೆ, ಉಪಯೋಗವಿಲ್ಲವೆಂದು ಗೊತ್ತಾದ ದಿನ ಏನು ಮಾಡುವುದು? ಪಿಟ್ಟಿಯ ಹಕ್ಕಿಯಿಂದ ಗೋರಂಟ್ಲದ ರೈತನಿಗೆ ಒಂದು ಕಾಳಿನ ಲಾಭವೂ ಇಲ್ಲ. ಇದೆ ಎಂದು ಎಳೆದು ಎಳೆದು ತೋರಿಸಿದರೆ ಅದು ವ್ಯಾಪಾರಿಯ ಮಾತಾಗುತ್ತದೆ. ನಮ್ಮ ಹತ್ತಿರವೇ ಚಿಲಮತ್ತೂರಿನ ಬಳಿ ವೀರಾಪುರವಿದೆ. ಪ್ರತಿ ವರ್ಷ ಬಣ್ಣದ ಕೊಕ್ಕರೆಗಳು ಬಂದು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಹಕ್ಕಿ ಬಂದರೆ ಮಳೆ ಚೆನ್ನಾಗಿ ಆಗುತ್ತದೆ ಎಂದು ಊರವರು ನಂಬುತ್ತಾರೆ, ಮಕ್ಕಳಂತೆ ಕಾಪಾಡುತ್ತಾರೆ. ಬಹಳ ಒಳ್ಳೆಯ ಊರು. ಆದರೂ ಕೇಳಬೇಕೆನಿಸುತ್ತದೆ, ಹಕ್ಕಿ ಬಂದೂ ಮಳೆ ಬರದ ವರ್ಷ ಅದು ಅತಿಥಿಯಾಗಿಯೇ ಉಳಿಯುತ್ತದೆಯೇ? ವೀರಾಪುರದವರು ಉಳಿಸಿಕೊಂಡಿದ್ದಾರೆ ಎಂಬುದನ್ನು ನೋಡಿದರೆ, ಅವರ ಪ್ರೀತಿಗೆ ಮಳೆ ನೆಪ ಮಾತ್ರ ಎಂದು ನನಗೆ ಅನ್ನಿಸುತ್ತದೆ.

ಲೂಕನ ಶುಭಸಂದೇಶದ 12ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಗುಬ್ಬಿಗಳ ದರ ಹೇಳುತ್ತಾರೆ. ಅಲ್ಲಿ ಐದು ಗುಬ್ಬಿಗೆ ಎರಡು ಕಾಸು. ಮತ್ತಾಯನ 10ನೇ ಅಧ್ಯಾಯದಲ್ಲಿ ಎರಡು ಗುಬ್ಬಿಗೆ ಒಂದು ಕಾಸು. ಸಂತೆಗೆ ಹೋಗುವವರಿಗೆ ಈ ಲೆಕ್ಕ ತಟ್ಟನೆ ಹೊಳೆಯಬೇಕು. ಒಂದು ಕಾಸಿಗೆ ಎರಡಾದರೆ ಎರಡು ಕಾಸಿಗೆ ನಾಲ್ಕು. ಐದನೆಯದು ಕೊಸರು. ಅದಕ್ಕೆ ಬೆಲೆಯೇ ಇಲ್ಲ, ಇವರು ಗಿರಾಕಿ ಎಂದು ಸುಮ್ಮನೆ ಸೇರಿಸಿ ಕೊಟ್ಟದ್ದು. ಆ ಕೊಸರಿನ ಗುಬ್ಬಿಯನ್ನೂ ಸೇರಿಸಿಯೇ, ಅವುಗಳಲ್ಲಿ ಒಂದನ್ನೂ ದೇವರು ಮರೆತಿಲ್ಲ ಎನ್ನುತ್ತಾರೆ ಸ್ವಾಮಿ. ಮನುಷ್ಯ ಅವುಗಳಿಗಿಂತ ಹೆಚ್ಚು ಎಂದೂ ಮುಂದೆಯೇ ಹೇಳುತ್ತಾರೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಮನುಷ್ಯನಿಗೆ ಬೆಲೆ ಹೆಚ್ಚು ಎನ್ನುವುದಕ್ಕೂ, ಬೇರೆಯವಕ್ಕೆ ಬೆಲೆಯೇ ಇಲ್ಲ ಎನ್ನುವುದಕ್ಕೂ ಬಹಳ ದೂರ. ಆದಿಕಾಂಡದಲ್ಲಿಯೂ ದೇವರ ಮೊದಲ ಆಶೀರ್ವಾದ ಸಿಗುವುದು ಐದನೆಯ ದಿನ, ಮೀನು ಮತ್ತು ಹಕ್ಕಿಗಳಿಗೆ. ನಾವು ಆಗ ಇನ್ನೂ ಬಂದಿರಲಿಲ್ಲ. ಆ ದಿನ ಇಡೀ ಭೂಮಿಯೇ "ಯಾರೂ ಇಲ್ಲದ ದ್ವೀಪ"ವಾಗಿತ್ತು, ಆದರೂ ಅದು ಒಳ್ಳೆಯದೆಂದು ಕಂಡಿತು. ವಿಶ್ವಗುರು ಫ್ರಾನ್ಸಿಸರು 2015ರ 'ಲೌದಾತೊ ಸಿ' ಪತ್ರದಲ್ಲಿ, ಉಳಿದ ಜೀವಿಗಳಿಗೆ ನಮ್ಮ ಉಪಯೋಗವನ್ನು ಮೀರಿ ದೇವರ ಕಣ್ಣಿನಲ್ಲಿ ಸ್ವಂತ ಬೆಲೆಯಿದೆ ಎಂದದ್ದು ಇದೇ ಅರ್ಥದಲ್ಲಿ. ಹವಳದ ನಾಶದ ಬಗೆಗೂ ಆ ಪತ್ರ ನೊಂದು ಬರೆದಿದೆ.

ಈ ಜಾಗಕ್ಕೆ ಬಂದಾಗ ನನಗೆ ನಮ್ಮದೇ ನೆನಪಾಯಿತು. ಬರೆಯಲೋ ಬೇಡವೋ ಎಂದು ಎರಡು ಸಲ ಯೋಚಿಸಿದೆ. ಗಡಿಯ ಈಚೆ ಇರುವ ನಮ್ಮಂಥ ಕಡೆ ಕನ್ನಡದಲ್ಲಿ ಬಲಿಪೂಜೆ, ಕನ್ನಡದಲ್ಲಿ ಧರ್ಮೋಪದೇಶ ಎಂಬ ಮಾತು ಬಂದಾಗಲೆಲ್ಲ ಮೊದಲು ಕೇಳಿಬರುವುದು "ಎಷ್ಟು ಮನೆ ಇವೆ?" ಎಂಬ ಪ್ರಶ್ನೆ. ಕೇಳುವವರದು ತಪ್ಪಲ್ಲ. ಗುರುಗಳು ಒಬ್ಬರೇ, ಊರುಗಳು ಹಲವು, ಭಾಷೆ ಮೂರ್ನಾಲ್ಕು. ಆದರೂ ಬೆರಳೆಣಿಕೆಯ ಮನೆಗಳ ಅಜ್ಜಿಯಂದಿರು ಜಪಮಾಲೆಯನ್ನು ಕನ್ನಡದಲ್ಲಿ ಹೇಳುವುದನ್ನು ಕೇಳಿದವರಿಗೆ, ಎಣಿಕೆಯಲ್ಲಿ ಹಿಡಿಯದ ಏನೋ ಅಲ್ಲಿದೆ ಎಂದು ಗೊತ್ತಾಗುತ್ತದೆ. ಸಂಖ್ಯೆ ಕಡಿಮೆ ಎಂಬ ಕಾರಣಕ್ಕೆ ನಮ್ಮನ್ನು ಬಿಡಬಾರದು ಎಂದು ಕೇಳುವ ನಾವು, ಸಂಖ್ಯೆ ಸೊನ್ನೆ ಎಂಬ ಕಾರಣಕ್ಕೆ ಪಿಟ್ಟಿಯನ್ನು ಬಿಡಬಹುದು ಎಂದು ಹೇಗೆ ಹೇಳುವುದು?

ಇಷ್ಟಕ್ಕೆ ನಿಲ್ಲಿಸಿದ್ದರೆ ಬರಹ ಸುಲಭವಾಗುತ್ತಿತ್ತು. ಆದರೆ ಚಾಗೋಸ್ ದ್ವೀಪಗಳಿಗೆ ಇನ್ನೊಂದು ಕಥೆಯಿದೆ. ಅಲ್ಲಿ ಜನ ಇದ್ದರು. ತೆಂಗಿನ ತೋಟಗಳಲ್ಲಿ ದುಡಿಯಲು ಗುಲಾಮರಾಗಿ, ಕೂಲಿಗಳಾಗಿ ಆಫ್ರಿಕಾದಿಂದ, ನಮ್ಮ ದೇಶದಿಂದ ಒಯ್ಯಲ್ಪಟ್ಟವರ ಸಂತತಿ. ಅವರಲ್ಲಿ ಹೆಚ್ಚಿನವರು ಕಥೋಲಿಕರು. ಡಿಯೆಗೊ ಗಾರ್ಸಿಯಾದಲ್ಲಿ ಅಮೆರಿಕದ ಸೇನಾ ನೆಲೆಗಾಗಿ 1968ರಿಂದ 1973ರೊಳಗೆ ಬ್ರಿಟನ್ ಸರ್ಕಾರ ಅವರೆಲ್ಲರನ್ನೂ ಖಾಲಿ ಮಾಡಿಸಿತು. ಅಲ್ಲಿ ಕಾಯಂ ನಿವಾಸಿಗಳೇ ಇಲ್ಲ ಎಂದು ತೋರಿಸಿಕೊಂಡಿತು. ಆಮೇಲೆ 2010ರಲ್ಲಿ ಅದೇ ಸಮುದ್ರವನ್ನು ಜೀವಿಗಳ ರಕ್ಷಣೆಗಾಗಿ ದೊಡ್ಡ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಮೀನು ಹಿಡಿಯುವಂತಿಲ್ಲ. ಹಾಗಾದರೆ ಮರಳಿ ಬಯಸುವ ಜನ ಬದುಕುವುದು ಹೇಗೆ? 2015ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿಯೊಂದು, ಮಾರಿಷಸ್‌ನ ಹಕ್ಕುಗಳನ್ನು ಲೆಕ್ಕಿಸದೆ ಆ ಘೋಷಣೆ ಮಾಡಿದ್ದು ಕಾನೂನುಬಾಹಿರ ಎಂದಿತು.

ನಾನು ಮೇಲೆ ಪುರಾವೆಯಾಗಿ ಕೊಟ್ಟ ಹಕ್ಕಿಗಳ ಅಧ್ಯಯನ ಇದೇ ಖಾಲಿ ಮಾಡಿಸಿದ ಸಮುದ್ರದ್ದು. ಇದು ಗೊತ್ತಾದ ಮೇಲೆ "ಯಾರೂ ಇಲ್ಲದ ದ್ವೀಪ" ಎಂಬ ಮಾತನ್ನು ಸುಲಭವಾಗಿ ಬರೆಯಲು ಕೈ ಬರುತ್ತಿಲ್ಲ. ಯಾರೂ ಇಲ್ಲವೆಂದು ಹೇಳಿ ದ್ವೀಪಕ್ಕೆ ಗುಂಡು ಹೊಡೆಯಬಹುದು, ಹಕ್ಕಿಗಾಗಿ ಎಂದು ಹೇಳಿ ಜನರನ್ನು ಹೊರಗಿಡಲೂಬಹುದು. ಹಕ್ಕಿಗೆ ಸ್ವಂತ ಬೆಲೆಯಿದೆ ಎಂದು ಹೇಳುವವರು, ಅದರ ಬೆಲೆಯನ್ನು ಯಾವ ಬಡವನ ಜೇಬಿನಿಂದ ಕೊಡಿಸುತ್ತಿದ್ದೇವೆ ಎಂದೂ ನೋಡಬೇಕು. ಸಮುದ್ರ ಕಾದದ್ದು ಚೆಟ್ಲತ್ತಿನ ಬೆಸ್ತನ ದೋಣಿಯಿಂದಲ್ಲ, ನಮ್ಮ ತಾತನ ಬೋರ್‌ವೆಲ್ಲಿನಿಂದಲೂ ಅಲ್ಲ. ನಮಗಿಂತ ಬಹಳ ಹೆಚ್ಚು ಉರಿಸಿದವರು ಬೇರೆ ಇದ್ದಾರೆ. ತಾತನಿಗೆ ಹವಳದ ಪಾಠ ಹೇಳಲು ಹೊರಟಾಗ ನಾನು ಇದನ್ನು ಮರೆತಿದ್ದೆ.

ಮತ್ತೆ ಮಳೆಯ ಪ್ರಶ್ನೆ. ಯೋಬನ ಗ್ರಂಥದ 38ನೇ ಅಧ್ಯಾಯವನ್ನು ನಮ್ಮ ಸೀಮೆಯವರು ಓದುವಂತೆ ಮಲೆನಾಡಿನವರು ಓದಲಾರರು. ಮಕ್ಕಳನ್ನು, ದನಕರುಗಳನ್ನು, ಆರೋಗ್ಯವನ್ನು ಕಳೆದುಕೊಂಡು ಬೂದಿಯಲ್ಲಿ ಕೂತ ಯೋಬ ದೇವರನ್ನು ಪ್ರಶ್ನಿಸುತ್ತಾನೆ. ಸರ್ವೇಶ್ವರ ಕಾರಣ ಹೇಳುವುದಿಲ್ಲ. ಬದಲಿಗೆ, ಒಬ್ಬ ಮನುಷ್ಯನೂ ವಾಸಿಸದ ಬರಡು ಭೂಮಿಯ ಮೇಲೆ ಮಳೆ ಸುರಿಸಿ ಹುಲ್ಲು ಚಿಗುರಿಸುವವರು ಯಾರು ಎಂದು ಕೇಳುತ್ತಾರೆ. ಮೊದಲ ಸಲ ಓದಿದಾಗ ನನಗೆ ಸಿಟ್ಟು ಬಂದಿತ್ತು. ಹಸಿದವನ ಮುಂದೆ ಬೇರೆಯವರ ಮನೆಯ ಊಟದ ಸುದ್ದಿ ಹೇಳಿದಂತೆ. ನಮ್ಮ ತಾತನ ಪ್ರಶ್ನೆಯೇ ಅಲ್ಲಿ ತಿರುಗಿ ನಿಂತಿದೆ. ಈಗಲೂ ಆ ಸಿಟ್ಟು ಪೂರ್ತಿ ಹೋಗಿಲ್ಲ. ಆದರೆ ಆ ಅಧ್ಯಾಯದಲ್ಲಿ ದೇವರು ಯೋಬನಿಗೆ "ನೀನು ಲೆಕ್ಕಕ್ಕಿಲ್ಲ" ಎಂದು ಎಲ್ಲಿಯೂ ಹೇಳುವುದಿಲ್ಲ ಎಂಬುದನ್ನು ಆಮೇಲೆ ಗಮನಿಸಿದೆ. ಮಳೆ ಯೋಗ್ಯತೆಗೆ ಸಿಗುವ ಕೂಲಿಯಾಗಿದ್ದರೆ, ಮಳೆ ಬರದ ನಮ್ಮ ಹೊಲ ನಮ್ಮ ಪಾಪಕ್ಕೆ ಸಾಕ್ಷಿಯಾಗುತ್ತಿತ್ತು. ಯೋಬನ ಸ್ನೇಹಿತರು ಹೇಳಿದ್ದು ಇದನ್ನೇ. ಯಾರೂ ಇಲ್ಲದ ಕಡೆಯೂ ಮಳೆ ಸುರಿಯುತ್ತದೆ ಎಂದಾಗ ಆ ಲೆಕ್ಕ ಮುರಿದು ಬೀಳುತ್ತದೆ. ಬರಗಾಲದಲ್ಲಿ ನರಳುವವನ ತಲೆಯ ಮೇಲಿನ ಒಂದು ಹೊರೆಯಾದರೂ ಇಳಿಯುತ್ತದೆ. ಹೊಲ ಒಣಗುವುದು ಮಾತ್ರ ನಿಲ್ಲುವುದಿಲ್ಲ, ನಿಜ.

ಇದನ್ನೆಲ್ಲ ತಾತನಿಗೆ ಹೇಳಬೇಕೆಂದು ಹೋದ ಶನಿವಾರ ಅವರ ಹೊಲಕ್ಕೆ ಹೋಗಿದ್ದೆ. ನಡುವೆ ಒಂದು ಸಣ್ಣ ಮಳೆ ಬಂದು, ಕಡಲೆಕಾಯಿ ಅರ್ಧ ಉಳಿದಿತ್ತು. ಅಕ್ಕಡಿ ಸಾಲಿನ ಸಜ್ಜೆಯ ಮೇಲೆ ಗುಬ್ಬಿ, ಗಿಣಿ ಮುತ್ತಿಕೊಂಡಿದ್ದವು. ತಾತ ಬೇವಿನ ನೆರಳಿನಲ್ಲಿ ಕೂತು ನೋಡುತ್ತಿದ್ದರೇ ಹೊರತು ಓಡಿಸಲಿಲ್ಲ.

"ಓಡಿಸಲ್ವಾ ತಾತಾ?"

"ಆ ಸಾಲು ಅವುಗಳ ಪಾಲಮ್ಮಾ. ನಮ್ಮಪ್ಪನ ಕಾಲದಿಂದ ಹಂಗೇ."

"ಹುಳ ತಿಂತಾವೆ ಅಂತಾನಾ?"

"ತಿನ್ನೋವೂ ಐತೆ, ತಿನ್ನದೇ ಇರೋವೂ ಐತೆ. ಅದನ್ನೆಲ್ಲ ಯಾರು ನೋಡ್ತಾರೆ?" ಎಂದವರು ಸ್ವಲ್ಪ ಹೊತ್ತಾದ ಮೇಲೆ, ನಾನು ಬಂದದ್ದು ಯಾಕೆಂದು ಗೊತ್ತಾದವರಂತೆ ನಕ್ಕರು. "ಕಣ್ಣಿಗೆ ಕಾಣೋ ಹಕ್ಕಿಗೆ ಸಜ್ಜೆ ಬಿಡ್ತೀನಿ. ನಿನ್ನ ಆ ಕಾಣದ ಹಕ್ಕಿಗೆ ಏನು ಬಿಡ್ಲಿ ಹೇಳು."

"ಅದರ ಜಾಗ ಅದಕ್ಕೆ ಬಿಟ್ಟರೆ ಸಾಕು ತಾತಾ. ಮೂರು ಎಕರೆ."

"ಮೂರೇ ಎಕರೆನಾ? ನಮ್ಮದೂ ಅಷ್ಟೇ." ಅವರು ತಮ್ಮ ಹೊಲವನ್ನು ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ನೋಡಿದರು. ಆಮೇಲೆ ಕೇಳಿದರು, "ಪಾಸ್‌ಬುಕ್ ಯಾರ ಹೆಸರಲ್ಲೈತಮ್ಮಾ?"